ತಕ್ಕದ್ದು, ಬೇಕು, ಬಹುದು: ಎಐ ರೂಲ್ಸ್ ಓದ್ತಾ ಕಳೆದ ಎರಡು ವರ್ಷ

2023ರ ಮಳೆಗಾಲದಲ್ಲಿ ನಾನು ಪಿಎಚ್‌ಡಿಗೆ ಟಾಪಿಕ್ ಹುಡುಕ್ತಾ ಇದ್ದೆ. ಅದೇ ಹೊತ್ತಿಗೆ ಹೊರಗಿನ ಒಂದು ಕಾನ್ಫರೆನ್ಸಿಗೆ ಪೇಪರ್ ಕಳಿಸಿದ್ದೆ, ಗ್ರಾಮ ಪಂಚಾಯತ್ ಲೈಬ್ರರಿಗಳ ಬಗ್ಗೆ, ಎಂಟು ಪುಟ. ಪೂರಾ ನಾನೇ ಬರೆದದ್ದು. ರಾತ್ರಿ ಕರೆಂಟ್ ಹೋದ್ರೆ ಮೊಬೈಲ್ ಟಾರ್ಚ್ ಇಟ್ಕೊಂಡು ನೋಟ್‌ಬುಕ್ಕಲ್ಲಿ ಬರೆದು ಬೆಳಿಗ್ಗೆ ಟೈಪ್ ಮಾಡ್ತಿದ್ದೆ. ಎರಡು ವಾರ ಬಿಟ್ಟು ಒಂದು ಸಾಲಿನ ಮೇಲ್ ಬಂತು, ನಿಮ್ಮ ಪೇಪರಲ್ಲಿ ಎಐ ಕಂಟೆಂಟ್ ಜಾಸ್ತಿ ಉಂಟು, ತಗೊಳ್ಲಿಕ್ಕೆ ಆಗುದಿಲ್ಲ ಅಂತ. ಯಾವ ಸಾಲು, ಯಾವ ಪುಟ, ಎಂತದ್ರಲ್ಲಿ ಚೆಕ್ ಮಾಡಿದ್ರು ಅಂತ ಕೇಳಿ ಎರಡು ಸಲ ಬರೆದೆ, ಉತ್ತರ ಬರಲೇ ಇಲ್ಲ.

ಅವತ್ತು ಸಂಜೆ ಅಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ತಾ ಇದ್ರು. ನಮ್ಮ ಮನೆ ಕಟಪಾಡಿ ಹತ್ರ, ನಾನು ಓದಿದ್ದೆಲ್ಲ ಆ ಬೀಡಿ ದುಡ್ಡಲ್ಲೇ. ನಾನು ಅಳ್ತಾ ವಿಷಯ ಹೇಳಿದೆ. ಅಮ್ಮನಿಗೆ ಎಐ ಅಂದ್ರೆ ಎಂತ ಅಂತ ಗೊತ್ತಿಲ್ಲ, ಆದ್ರೆ ಅವರು ಕೇಳಿದ ಒಂದೇ ಪ್ರಶ್ನೆ, "ಯಾವುದು ಸರಿ ಇಲ್ಲ ಅಂತ ತೋರಿಸ್ಲಿಲ್ವಾ ಮಗಾ?" ಕಟ್ಟಿದ ಬೀಡಿ ತಗೊಳ್ಳುವ ಬ್ರಾಂಚಲ್ಲಿ ಚೆಕ್ ಮಾಡುವವರು ತೆಗೆದು ಬಿಸಾಡುದು ಉಂಟು, ಅದರ ಬಗ್ಗೆ ಹೆಂಗಸರಿಗೆ ಬೇಜಾರೂ ಉಂಟು, ಆದ್ರೆ ಬಿಸಾಡುವ ಮೊದಲು ಕಟ್ಟ ಬಿಚ್ಚಿ ಇದರ ಎಲೆ ಹರಿದಿದೆ, ಇದು ಸಡಿಲ ಆಗಿದೆ ಅಂತ ಕೈಯಲ್ಲಿ ಹಿಡಿದು ತೋರಿಸ್ತಾರೆ. ಜಗಳ ಮಾಡ್ಲಿಕ್ಕೆ ಆದ್ರೂ ಕೈಯಲ್ಲಿ ಎಂತಾದ್ರೂ ಬೇಕಲ್ಲ. ಆ ಪ್ರಶ್ನೆ ನಂಗೆ ಆಗ ಅಷ್ಟು ತಟ್ಲಿಲ್ಲ.

ಗೈಡ್ ಮೇಡಂ ಹತ್ರ ಹೋಗಿ ಎಐ ಬಗ್ಗೆ ಬೇರೆ ದೇಶದ ಯೂನಿವರ್ಸಿಟಿಗಳು ಎಂತ ರೂಲ್ಸ್ ಮಾಡಿವೆ ಅಂತ ನೋಡ್ತೇನೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟಾಪಿಕ್ ಒಳ್ಳೆದುಂಟು, ಆದ್ರೆ ಇದು ಓಡುವ ವಿಷಯ, ನೀನು ಹಿಡಿಯುವಷ್ಟರಲ್ಲಿ ಮುಂದೆ ಹೋಗಿರ್ತದೆ, ಯೋಚನೆ ಮಾಡು" ಅಂದ್ರು. ಅವರು ಹೇಳಿದ್ದು ಎಷ್ಟು ನಿಜ ಅಂತ ಆರು ತಿಂಗಳಲ್ಲಿ ಗೊತ್ತಾಯ್ತು.

ಮೊದಲು ಮಾಡಿದ್ದು ಒಂದು ಎಕ್ಸೆಲ್ ಶೀಟ್. ಯೂನಿವರ್ಸಿಟಿ ಹೆಸರು, ದೇಶ, ಮತ್ತೆ ಮೂರು ಕಾಲಂ, ಬ್ಯಾನ್, ಪರ್ಮಿಶನ್, ಎಂತದೂ ಹೇಳ್ಲಿಲ್ಲ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ಕ್ಕೆ. ಜನವರಿಯಲ್ಲೇ ಪ್ಯಾರಿಸಿನ ಸಿಯಾನ್ಸ್ ಪೋ, ಬಳಸಿದ್ದನ್ನು ಹೇಳದೆ ಬಳಸುವ ಹಾಗಿಲ್ಲ, ಸಿಕ್ಕಿಬಿದ್ರೆ ಸಂಸ್ಥೆಯಿಂದಲೇ ಹೊರಗೆ ಹಾಕುವವರೆಗೂ ಹೋಗ್ಬಹುದು ಅಂತ ಹೇಳಿತ್ತು. ಫೆಬ್ರವರಿಯಲ್ಲಿ ಹಾಂಗ್‌ಕಾಂಗ್ ಯೂನಿವರ್ಸಿಟಿ ತಾತ್ಕಾಲಿಕವಾಗಿ ಬ್ಯಾನ್ ಮಾಡಿತು. ಏಪ್ರಿಲಲ್ಲಿ ಟೋಕಿಯೋ ಯೂನಿವರ್ಸಿಟಿ ಒಂದು ಹೇಳಿಕೆ ಕೊಟ್ಟಿತು, ಅದು ರೂಲ್ಸ್ ತರ ಇಲ್ಲವೇ ಇಲ್ಲ, ಮನುಷ್ಯರು ಈಗಾಗಲೇ ವಾಪಸ್ ಬರ್ಲಿಕ್ಕಾಗದ ಹೊಳೆ ದಾಟಿ ಆಗಿರ್ಬಹುದು, ಇನ್ನು ಹೇಗೆ ನಡೆಯುದು ಅಂತ ಯೋಚಿಸುವ ಅನ್ನುವ ಧಾಟಿ. ಜುಲೈಯಲ್ಲಿ ಬ್ರಿಟನ್ನಿನ ರಸೆಲ್ ಗ್ರೂಪ್, ಅಂದ್ರೆ ಅಲ್ಲಿಯ 24 ದೊಡ್ಡ ಯೂನಿವರ್ಸಿಟಿಗಳು ಸೇರಿ ಐದು ತತ್ವ ಹೊರಡಿಸಿದ್ವು, ವಿದ್ಯಾರ್ಥಿಗಳಿಗೂ ಮೇಷ್ಟ್ರುಗಳಿಗೂ ಎಐ ಬಳಸ್ಲಿಕ್ಕೆ ಕಲಿಸ್ತೇವೆ ಅಂತ. ಆ ವರ್ಷ ಯುನೆಸ್ಕೋ 450ಕ್ಕೂ ಹೆಚ್ಚು ಶಾಲೆ ಮತ್ತೆ ಯೂನಿವರ್ಸಿಟಿಗಳನ್ನು ಕೇಳಿದಾಗ ಸಂಸ್ಥೆಯ ಮಟ್ಟದಲ್ಲಿ ಪಾಲಿಸಿಯೋ ಗೈಡೆನ್ಸೋ ಇದ್ದದ್ದು ನೂರಕ್ಕೆ ಹತ್ತಕ್ಕಿಂತ ಕಮ್ಮಿ ಕಡೆ. ಹಾಗಾಗಿ ಸಿಕ್ಕಿದ್ದೆಲ್ಲ ನಂಗೆ ಚಿನ್ನದ ಹಾಗೆ, ಒಂದೊಂದನ್ನೂ ಶೀಟಲ್ಲಿ ಹಾಕ್ತಾ ಹೋದೆ.

ಶೀಟ್ ಹಾಳಾದದ್ದು ಹಾಂಗ್‌ಕಾಂಗಿನಿಂದ. ನಾನು ಬ್ಯಾನ್ ಕಾಲಮ್ಮಲ್ಲಿ ಹಾಕಿ ಕೂತಿದ್ದೆ, ನೋಡಿದ್ರೆ ಆಗಸ್ಟಲ್ಲೇ ಅವರು ತಿರುಗಿ, ಹೊಸ ಶೈಕ್ಷಣಿಕ ವರ್ಷದ ಕ್ಲಾಸಿಂದ ಬಳಸ್ಬಹುದು, ಮೇಷ್ಟ್ರುಗಳಿಗೆ ಫ್ರೀ, ವಿದ್ಯಾರ್ಥಿಗಳಿಗೆ ತಿಂಗಳಿಗೆ 20 ಪ್ರಶ್ನೆ ಅಂತ ಮಾಡಿ ಆಗಿದೆ. ಅದೇ ಯೂನಿವರ್ಸಿಟಿ, ಅದೇ ವರ್ಷ, ಆರು ತಿಂಗಳ ಅಂತರ. ಹಾಗಾದ್ರೆ ಇದನ್ನು ಯಾವ ಕಾಲಮ್ಮಿಗೆ ಹಾಕುದು? ಮತ್ತೊಂದು ಕಷ್ಟ, ಪೇಜೇ ಮಾಯ ಆಗುದು. ಇವತ್ತು ಓದಿದ ಪಾಲಿಸಿ ಮುಂದಿನ ತಿಂಗಳು ಅದೇ ಲಿಂಕಲ್ಲಿ ಬೇರೆ ಮಾತು ಹೇಳ್ತದೆ, ಹಳೆ ದಿನಾಂಕ ತೆಗೆದು ಬಿಟ್ಟಿರ್ತಾರೆ, ಬದಲಾಯ್ತು ಅಂತ ಎಲ್ಲೂ ಬರೆದಿರುದಿಲ್ಲ. ನಾನು ಮೊದಲ ನಾಲ್ಕು ತಿಂಗಳು ಲಿಂಕ್ ಮಾತ್ರ ಉಳಿಸಿದ್ದೆ. ಅದರಲ್ಲಿ ಎಷ್ಟೋ ಹೋಯ್ತು. ಕೆಲವನ್ನು ಹಳೆ ವೆಬ್ ಪೇಜುಗಳನ್ನು ಉಳಿಸಿಡುವ ವೇಬ್ಯಾಕ್ ಮೆಷಿನಲ್ಲಿ ಹುಡುಕಿ ತೆಗೆದೆ, ಕೆಲವು ಅಲ್ಲೂ ಇಲ್ಲ. ಈ ತರದ ಕೆಲಸ ಶುರು ಮಾಡುವವರು ಯಾರಾದ್ರೂ ಇದನ್ನು ಓದ್ತಾ ಇದ್ರೆ, ಓದಿದ ದಿನವೇ ಪಿಡಿಎಫ್ ಮಾಡಿ, ಫೈಲಿನ ಹೆಸರಲ್ಲೇ ತಾರೀಕು ಹಾಕಿ ಇಡಿ, ನಾಳೆ ಮಾಡುವ ಅಂತ ಬಿಡ್ಬೇಡಿ.

ನಾನು ವಾರಕ್ಕೆ ಮೂರು ದಿನ ಮಂಗಳೂರಿಗೆ ಹೋಗುದು, ಎಕ್ಸ್‌ಪ್ರೆಸ್ ಬಸ್ಸಲ್ಲಿ. ಪಡುಬಿದ್ರಿ ದಾಟುವಷ್ಟರಲ್ಲಿ ಒಂದು ಪಾಲಿಸಿ, ಸುರತ್ಕಲ್ ಬರುವಷ್ಟರಲ್ಲಿ ಇನ್ನೊಂದು, ಹೀಗೆ ಮೊಬೈಲಲ್ಲಿ ಓದಿ ಓದಿ ಕೆಲವು ವಾಕ್ಯ ಬಾಯಿಪಾಠ ಆಗಿ ಹೋಗಿದೆ.

ಎರಡನೇ ವರ್ಷ ಕೋಡಿಂಗ್ ಶುರು. ಇದು ಕಂಪ್ಯೂಟರ್ ಕೋಡಿಂಗ್ ಅಲ್ಲ, ದಾಖಲೆಯ ಪ್ರತಿ ವಾಕ್ಯ ಎಂತ ಹೇಳ್ತದೆ ಅಂತ ಗುರುತು ಹಾಕುದು, ಇದು ಕಡ್ಡಾಯ, ಇದು ಸಲಹೆ, ಇದು ಅನುಮತಿ, ಇದು ನಿಷೇಧ ಅಂತ. ಒಬ್ಬಳೇ ಹಾಕಿದ್ರೆ ನಂಬುದು ಹೇಗೆ, ಅದಕ್ಕೆ ಇನ್ನೊಬ್ಬರು ಬೇರೆಯಾಗಿ ಕೂತು ಅದನ್ನೇ ಮಾಡ್ಬೇಕು, ಆಮೇಲೆ ಎರಡೂ ಎಷ್ಟು ಹೊಂದ್ತದೆ ಅಂತ ಲೆಕ್ಕ ಹಾಕ್ಬೇಕು, ಅದಕ್ಕೆ ಕೊಹೆನ್ಸ್ ಕಪ್ಪಾ ಅಂತ ಒಂದು ಅಳತೆ ಉಂಟು. ಉಡುಪಿಯಲ್ಲಿ ಲೆಕ್ಚರರ್ ಆಗಿರುವ ನನ್ನ ಫ್ರೆಂಡ್ ಒಬ್ಬಳು ಒಪ್ಪಿದಳು. ಮೊದಲ ರೌಂಡಿನ ರಿಸಲ್ಟ್ ನೋಡಿ ನಾವಿಬ್ರೂ ಒಂದೇ ಕಾಗದ ಓದಿದ್ದಾ ಅಂತ ಸಂಶಯ ಬರುವಷ್ಟು ವ್ಯತ್ಯಾಸ.

ಉಡುಪಿ ರಥಬೀದಿಯ ಹತ್ರ ಒಂದು ಹೋಟೆಲಲ್ಲಿ ಬನ್ಸ್ ತಿನ್ತಾ ಎರಡೂ ಶೀಟ್ ಎದುರೆದುರು ಇಟ್ಟು ಕೂತ್ವಿ. ಜಗಳ ಎಲ್ಲಿ ಅಂದ್ರೆ ಇಂಗ್ಲಿಷಿನ ಮಸ್ಟ್, ಶುಡ್, ಮೇ ಈ ಮೂರು ಶಬ್ದದಲ್ಲಿ. ನಾನೂ ಅವಳೂ ಕನ್ನಡ ಮೀಡಿಯಮ್ಮಲ್ಲಿ ಓದಿದವರು, ತಲೆಯೊಳಗೆ ಮಸ್ಟ್ ಅಂದ್ರೂ ಬೇಕು, ಶುಡ್ ಅಂದ್ರೂ ಬೇಕು. ವಿದ್ಯಾರ್ಥಿ ಹೇಳಬೇಕು ಅಂದ್ರೆ ಹೇಳದಿದ್ರೆ ಶಿಕ್ಷೆ ಉಂಟಾ, ಅಥವಾ ಹೇಳಿದ್ರೆ ಒಳ್ಳೆದು ಅಂತ ಮಾತ್ರವಾ? ಅವಳು ಎಲ್ಲವನ್ನೂ ಕಡ್ಡಾಯಕ್ಕೆ ಹಾಕಿದ್ದಳು, ನಾನು ಅರ್ಧಕ್ಕರ್ಧ ಸಲಹೆಗೆ ಹಾಕಿದ್ದೆ. ಆಗ ಅವಳೇ ಹೇಳಿದ್ದು, "ಮಾರಾಯ್ತಿ, ನಮ್ಮ ಸರ್ಕಾರಿ ಆದೇಶದಲ್ಲಿ ತಕ್ಕದ್ದು ಅಂತ ಬರೀತಾರಲ್ಲ, ಮಾಡತಕ್ಕದ್ದು, ಸಲ್ಲಿಸತಕ್ಕದ್ದು ಅಂತ, ಅದನ್ನೇ ಇಟ್ಟು ನೋಡುವ." ಹಾಗೆ ನಮ್ಮ ಕೋಡ್‌ಬುಕ್ ಕನ್ನಡದಲ್ಲಿ ಹುಟ್ಟಿತು. ಮಾಡದಿದ್ರೆ ಪರಿಣಾಮ ಉಂಟು ಅಂತ ಅದೇ ದಾಖಲೆ ಹೇಳಿದ್ರೆ ಅದು ತಕ್ಕದ್ದು. ಮಾಡ್ಬೇಕು ಅಂತ ಹೇಳಿ ಪರಿಣಾಮ ಹೇಳದಿದ್ರೆ ಬೇಕು. ಬಹುದು ಎರಡು ತರ, ನೀವು ಬಳಸಬಹುದು ಅನ್ನುವ ಅನುಮತಿಯ ಬಹುದು, ನಿಮ್ಮ ಮೇಲೆ ಕ್ರಮ ಆಗಬಹುದು ಅನ್ನುವ ಹೆದರಿಕೆಯ ಬಹುದು. ಇಂಗ್ಲಿಷಿನ ಮೇ ಕೂಡ ಹೀಗೇ ಎರಡು ಮುಖದ್ದು ಅಂತ ಆಗಲೇ ನಂಗೆ ಕಣ್ಣಿಗೆ ಬಿದ್ದದ್ದು. ಚೀನಾದ ಫುಡಾನ್ ಯೂನಿವರ್ಸಿಟಿ 2024ರ ಕೊನೆಗೆ ಡಿಗ್ರಿ ವಿದ್ಯಾರ್ಥಿಗಳ ಪ್ರಬಂಧಕ್ಕೆ ಎಐ ಎಲ್ಲೆಲ್ಲಿ ಮುಟ್ಟುವ ಹಾಗಿಲ್ಲ ಅಂತ ನಿಷೇಧಗಳ ಪಟ್ಟಿಯನ್ನೇ ಕೊಟ್ಟಿತ್ತು, ಅದನ್ನು ನಾನು ಮೆಷಿನ್ ಟ್ರಾನ್ಸ್‌ಲೇಶನಲ್ಲಿ ಓದಿದ್ದು, ಒಂದು ಆ್ಯಪ್ ಶುಡ್ ಅಂತ ಕೊಟ್ಟ ಕಡೆ ಇನ್ನೊಂದು ಮಸ್ಟ್ ಅಂತ ಕೊಟ್ಟಿತು, ಕೊನೆಗೆ ಚೈನೀಸ್ ಕಲಿತ ಒಬ್ಬರನ್ನು ಹುಡುಕಿ ಅಂಥ ವಾಕ್ಯಗಳನ್ನು ಮಾತ್ರ ಓದಿಸಿದೆ.

ತಕ್ಕದ್ದು ಕಾಲಂ ತುಂಬಿಸ್ತಾ ಹೋದ ಹಾಗೆ ಒಂದು ವಿಷಯ ಎದ್ದು ಕಂಡಿತು, ಅದು ನನ್ನ ಥೀಸಿಸ್ಸನ್ನೇ ತಿರುಗಿಸಿ ಹಾಕಿತು. ತಕ್ಕದ್ದೆಲ್ಲ ವಿದ್ಯಾರ್ಥಿಯ ಮೇಲೆ. ವಿದ್ಯಾರ್ಥಿ ಹೇಳತಕ್ಕದ್ದು, ಒಪ್ಪಿಗೆ ಪಡೆಯತಕ್ಕದ್ದು, ಸಹಿ ಹಾಕತಕ್ಕದ್ದು. ಯೂನಿವರ್ಸಿಟಿಯ ಕಡೆಗೆ ಬಂದಾಗ ಅದೇ ದಾಖಲೆ ಬಹುದಿಗೆ ಇಳೀತದೆ. ಸಂಶಯ ಬಂದ್ರೆ ಮೇಷ್ಟ್ರು ಮಾತಾಡಬಹುದು, ಹೆಚ್ಚಿನ ವಿವರ ಕೇಳಬಹುದು. ವಿದ್ಯಾರ್ಥಿಗೆ ಆಧಾರ ತೋರಿಸತಕ್ಕದ್ದು ಅಂತ ಬರೆದದ್ದು ನನ್ನ ರಾಶಿಯಲ್ಲಿ ಬೆರಳೆಣಿಕೆ. ಅಮ್ಮ ಜಗಲಿಯಲ್ಲಿ ಕೇಳಿದ ಪ್ರಶ್ನೆ ಆಗ ನೆನಪಾಯ್ತು, ಬಸ್ಸಲ್ಲೇ, ಮೂಲ್ಕಿ ಸಂಕ ದಾಟುವಾಗ.

ಮೇಡಂ ಹತ್ರ ಹೋಗಿ ಬ್ಯಾನ್, ಪರ್ಮಿಶನ್ ಅನ್ನುವ ಕಾಲಂ ಪೂರಾ ತೆಗೀತೇನೆ, ಸಂಶಯ ಬಂದ ದಿನ ವಿದ್ಯಾರ್ಥಿಗೆ ಎಂತ ಆಗ್ತದೆ ಅನ್ನುದೇ ನನ್ನ ಪ್ರಶ್ನೆ ಅಂದೆ. ಒಂದೂವರೆ ವರ್ಷದ ಕೆಲಸ ಮತ್ತೆ ಮೊದಲಿಂದ. ಅವರು ಬೈಲಿಲ್ಲ. "ಈಗ ನಿಂದು ಅಂತ ಆಯ್ತು ಇದು" ಅಂದ್ರು.

ಅಲ್ಲಿಂದ ಡಿಟೆಕ್ಟರ್‌ಗಳ ಬಗ್ಗೆ ಓದಿದ್ದು, ಅಂದ್ರೆ ಬರಹ ಎಐಯದ್ದಾ ಮನುಷ್ಯರದ್ದಾ ಅಂತ ಹೇಳುವ ಸಾಫ್ಟ್‌ವೇರ್‌ಗಳು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಒಂದು ಡಿಟೆಕ್ಟರ್ ಬಿಟ್ಟಿತ್ತು, ಅದು ಎಐ ಬರೆದದ್ದರಲ್ಲಿ ನೂರಕ್ಕೆ 26ನ್ನು ಮಾತ್ರ ಸರಿಯಾಗಿ ಹಿಡೀತಿತ್ತು, ಮನುಷ್ಯರು ಬರೆದದ್ದರಲ್ಲಿ ನೂರಕ್ಕೆ 9ನ್ನು ಎಐ ಅಂತ ಹೇಳ್ತಿತ್ತು, ಜುಲೈಯಲ್ಲಿ ನಿಖರತೆ ಕಮ್ಮಿ ಅಂತ ಅವರೇ ನಿಲ್ಲಿಸಿದ್ರು. ಮಾಡಿದವರೇ ಕೈಬಿಟ್ಟದ್ದು ಅದು. ಸ್ಟ್ಯಾನ್‌ಫೋರ್ಡಿನವರು ಅದೇ ವರ್ಷ ಏಳು ಡಿಟೆಕ್ಟರ್‌ಗಳಿಗೆ 91 ಟೋಫೆಲ್ ಪ್ರಬಂಧ ಕೊಟ್ಟು ನೋಡಿದ್ರು, ಅಂದ್ರೆ ಇಂಗ್ಲಿಷ್ ಮನೆಭಾಷೆ ಅಲ್ಲದವರು ಪರೀಕ್ಷೆಗೆ ಬರೆದದ್ದು. ಸರಾಸರಿ ನೂರಕ್ಕೆ 61ರಷ್ಟನ್ನು ಎಐ ಬರೆದದ್ದು ಅಂತ ಹೇಳಿದ್ವು. ಅಮೆರಿಕದ ಎಂಟನೇ ಕ್ಲಾಸಿನ ಮಕ್ಕಳ ಪ್ರಬಂಧದಲ್ಲಿ ಮಾತ್ರ ಹೆಚ್ಚುಕಮ್ಮಿ ತಪ್ಪೇ ಇಲ್ಲ. ಕಾರಣ ಓದುವಾಗ ಎದೆಗೆ ಹೊಡೆದ ಹಾಗಾಯ್ತು. ಈ ಡಿಟೆಕ್ಟರ್‌ಗಳು ನೋಡುದು ಮುಂದಿನ ಶಬ್ದ ಎಷ್ಟು ಸುಲಭಕ್ಕೆ ಊಹಿಸ್ಲಿಕ್ಕೆ ಆಗ್ತದೆ ಅಂತ, ಸುಲಭಕ್ಕೆ ಆದ್ರೆ ಮೆಷಿನ್. ನಮ್ಮ ಹತ್ರ ಇರುವ ಇಂಗ್ಲಿಷ್ ಶಬ್ದವೇ ಲೆಕ್ಕದ್ದು. ಹೈಸ್ಕೂಲಲ್ಲಿ ಮೇಷ್ಟ್ರು ಬರೆಸಿದ ನೋಟ್ಸ್ ಬಾಯಿಪಾಠ ಮಾಡಿ, ತಪ್ಪಾಗದ ಹಾಗೆ ಗೊತ್ತಿರುವ ವಾಕ್ಯವನ್ನೇ ಹಿಡ್ಕೊಂಡು ಬರೆಯುವ ನಮ್ಮ ಇಂಗ್ಲಿಷ್, ಹೆದರಿ ಹೆದರಿ ಬರೆದ ಇಂಗ್ಲಿಷ್, ಅದಕ್ಕೆ ಮೆಷಿನಿನ ತರ ಕಾಣ್ತದೆ. ನನ್ನ ಆ ಎಂಟು ಪುಟ ತೆಗೆದು ಮತ್ತೆ ಓದಿದೆ, ಹೌದು, ಪ್ರತಿ ಪ್ಯಾರಾ ಒಂದೇ ತರ ಶುರುವಾಗ್ತದೆ. ಹಾಗೆ ಬರೀಲಿಕ್ಕೇ ನಂಗೆ ಕಲಿಸಿದ್ದು.

ಅಮೆರಿಕದ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿ 2023ರ ಆಗಸ್ಟಲ್ಲಿ, ಪೇಪರ್ ಚೆಕ್ ಮಾಡುವ ಟರ್ನಿಟಿನ್ ಅನ್ನುವ ಸಾಫ್ಟ್‌ವೇರಿನ ಎಐ ಡಿಟೆಕ್ಟರ್ ಆಫ್ ಮಾಡಿ ಲೆಕ್ಕವನ್ನು ಬಿಡಿಸಿ ಬರೆದಿತ್ತು. ಹಿಂದಿನ ವರ್ಷ ಅಲ್ಲಿ 75,000 ಪೇಪರ್ ಚೆಕ್ಕಿಗೆ ಹೋಗಿತ್ತು, ಕಂಪನಿ ಹೇಳುವ ನೂರಕ್ಕೆ ಒಂದು ತಪ್ಪು ಅನ್ನುದನ್ನೇ ಒಪ್ಪಿದ್ರೂ 750 ಪೇಪರಿನ ಮೇಲೆ ಸುಳ್ಳು ಆರೋಪ ಬರ್ತಿತ್ತು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಯೂನಿವರ್ಸಿಟಿ 2025ರ ಅಕ್ಟೋಬರಿಂದ ಡಿಟೆಕ್ಟರ್ ಬಳಸುದು ನಿಲ್ಲಿಸಿತು. ಸಿಡ್ನಿ ಯೂನಿವರ್ಸಿಟಿಯದ್ದು ಇನ್ನೊಂದು ದಾರಿ, ಮೌಲ್ಯಮಾಪನವನ್ನೇ ಎರಡು ಲೇನ್ ಮಾಡುದು, ಒಂದು ಎದುರಲ್ಲಿ ಕೂರಿಸಿ ಮಾಡುವಂಥದ್ದು, ಇನ್ನೊಂದರಲ್ಲಿ ಎಐ ಬಳಸ್ಬಹುದು ಅಂತಲೇ ಇಟ್ಕೊಳ್ಳುದು, ಹಿಡಿಯುವ ಪ್ರಶ್ನೆಯೇ ಅಷ್ಟು ಬರುದಿಲ್ಲ. ನಂಗೆ ಎಲ್ಲಕ್ಕಿಂತ ಇಷ್ಟ ಆದದ್ದು ಇದು, ಆದ್ರೆ ಎದುರು ಕೂರಿಸಿ ಕೇಳ್ಲಿಕ್ಕೆ ಜನ ಬೇಕು. ಗೆಸ್ಟ್ ಲೆಕ್ಚರರ್‌ಗಳ ಮೇಲೆಯೇ ನಡೆಯುವ, ಒಬ್ಬರಿಗೆ ನಾಲ್ಕು ಸೆಕ್ಷನ್ ಇರುವ ಕಾಲೇಜಲ್ಲಿ ಅದು ಹೇಗೆ ಅಂತ ಯೋಚಿಸಿದ್ರೆ ನಿದ್ದೆ ಬರುದಿಲ್ಲ.

ಯುರೋಪಿನ ಎಐ ಕಾನೂನು 2024ರ ಆಗಸ್ಟ್ 1ಕ್ಕೆ ಜಾರಿಗೆ ಬಂತು, ಅದರಲ್ಲಿ ಅಡ್ಮಿಶನ್, ಮೌಲ್ಯಮಾಪನ, ಪರೀಕ್ಷೆಯ ಹೊತ್ತಿನಲ್ಲಿ ವಿದ್ಯಾರ್ಥಿಯ ಮೇಲೆ ಕಣ್ಣಿಡುದು ಇದಕ್ಕೆಲ್ಲ ಬಳಸುವ ಎಐಯನ್ನು ಹೆಚ್ಚು ಅಪಾಯದ್ದು ಅಂತ ಇಟ್ಟಿದ್ದಾರೆ. ಪರೀಕ್ಷೆಯ ಹೊತ್ತಿನಲ್ಲಿ ಅನ್ನುವ ಶಬ್ದ ನೋಡಿ, ಮನೆಯಲ್ಲಿ ಬರೆದು ತಂದ ಅಸೈನ್‌ಮೆಂಟಿಗೆ ಇದು ಹೊಂದ್ತದಾ ಅಂತ ನಾನೂ ಫ್ರೆಂಡೂ ಒಂದು ಇಡೀ ಸಂಜೆ ಮಲ್ಪೆ ಬೀಚಲ್ಲಿ ಕೂತು ವಾದ ಮಾಡಿದ್ದೇವೆ.

ನಮ್ಮಲ್ಲಿ ಕಥೆ ಬೇರೆ ದಾರಿಯಲ್ಲಿ ಬಂದದ್ದು. ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ಪ್ಲೇಜಿಯರಿಸಂ, ಅಂದ್ರೆ ಬೇರೆಯವರ ಬರಹ ನಕಲು ಮಾಡುದರ ನಿಯಮದಲ್ಲಿ ಪರ್ಸೆಂಟ್ ಉಂಟು, 10ರವರೆಗೆ ದಂಡ ಇಲ್ಲ, 10ರಿಂದ 40ರ ಒಳಗೆ ತಿದ್ದಿ ಮತ್ತೆ ಕೊಡ್ಬೇಕು, 40ರಿಂದ 60 ಆದ್ರೆ ಒಂದು ವರ್ಷ ಕೊಡುವ ಹಾಗಿಲ್ಲ, 60 ದಾಟಿದ್ರೆ ರಿಜಿಸ್ಟ್ರೇಶನ್ನೇ ರದ್ದು. ರಿಸರ್ಚ್ ಮಾಡುವವರಿಗೆಲ್ಲ ಈ ಸಂಖ್ಯೆ ಗೊತ್ತು, ಜೆರಾಕ್ಸ್ ಅಂಗಡಿಯವರಿಗೂ ಗೊತ್ತು. ಎಐ ರಿಪೋರ್ಟಲ್ಲೂ ಒಂದು ಪರ್ಸೆಂಟ್ ಬಂದ ಕೂಡ್ಲೆ ಎಲ್ಲರೂ ಅದನ್ನು ಅದೇ ಕಣ್ಣಲ್ಲಿ ಓದ್ಲಿಕ್ಕೆ ಶುರು ಮಾಡಿದ್ರು. ಆದ್ರೆ ಅದೂ ಇದೂ ಒಂದಲ್ಲ, ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ಪ್ಲೇಜಿಯರಿಸಂ ರಿಪೋರ್ಟ್ ಈ ಸಾಲು ಇಂಥ ಕಡೆಯಿಂದ ಬಂದದ್ದು ಅಂತ ಮೂಲ ತೋರಿಸ್ತದೆ, ನೀವು ತೆಗೆದು ನೋಡ್ಬಹುದು, ಇಲ್ಲ ಅಂತ ವಾದ ಮಾಡ್ಬಹುದು. ಎಐ ಪರ್ಸೆಂಟಿಗೆ ಮೂಲವೇ ಇಲ್ಲ, ಅದು ಅಂದಾಜು. ಕೆಲವು ಕಡೆ ಸಾಲಿಗೆ ಬಣ್ಣ ಹಚ್ಚಿ ಕೊಡ್ತದೆ, ಆದ್ರೆ ಆ ಬಣ್ಣದ ಹಿಂದೆ ತೆಗೆದು ತೋರಿಸುವಂಥದ್ದು ಎಂತದೂ ಇಲ್ಲ. 2024ರಲ್ಲಿ ಹರಿಯಾಣದ ಒಂದು ಖಾಸಗಿ ಯೂನಿವರ್ಸಿಟಿಯ ಎಲ್‌ಎಲ್‌ಎಂ ವಿದ್ಯಾರ್ಥಿ, ತನ್ನ ಉತ್ತರ 88 ಪರ್ಸೆಂಟ್ ಎಐ ಅಂತ ಹೇಳಿ ಫೇಲ್ ಮಾಡಿದ್ದಕ್ಕೆ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿಗೆ ಹೋದ, ಆಮೇಲೆ ಯೂನಿವರ್ಸಿಟಿ ಪಾಸ್ ಮಾಡಿತು, ಕೇಸ್ ಮುಗೀತು. ಅವನು ಕಾನೂನು ಓದಿದವ, ಕೋರ್ಟಿಗೆ ಹೋದ. ಬಿಎ ಓದುವ ನಮ್ಮ ಹೆಣ್ಣುಮಕ್ಕಳು ಎಲ್ಲಿಗೆ ಹೋಗುದು?

ಅದಕ್ಕೇ ಥೀಸಿಸ್ಸಿಗೆ ಇಂಟರ್ವ್ಯೂ ಸೇರಿಸಿದ್ದು. ಎಥಿಕ್ಸ್ ಕಮಿಟಿಯ ಒಪ್ಪಿಗೆಗೆ ಮೂರು ತಿಂಗಳು ಹಿಡಿಯಿತು, ಅವರು ಕೇಳಿದ ಒಂದು ಪ್ರಶ್ನೆ ಒಳ್ಳೆದಿತ್ತು, ವಿದ್ಯಾರ್ಥಿ ನಿಮ್ಮ ಹತ್ರ ಹೌದು ಬಳಸಿದ್ದೆ ಅಂತ ಹೇಳಿದ್ರೆ ಅದು ಕಾಲೇಜಿಗೆ ಹೋಗದ ಹಾಗೆ ಎಂತ ಮಾಡ್ತೀರಿ ಅಂತ. ಅದಕ್ಕೆ ಹೆಸರು, ಕಾಲೇಜು, ಊರು ಒಂದನ್ನೂ ರೆಕಾರ್ಡಲ್ಲಿ ಇಡದ ಹಾಗೆ ಮಾಡಿದೆ. ಒಪ್ಪಿಗೆ ಪತ್ರ ಕನ್ನಡದಲ್ಲಿ ಬರೆದೆ, ಅದರಲ್ಲಿ ತಕ್ಕದ್ದು ಪೂರಾ ನನ್ನ ಮೇಲೆ ಹಾಕಿದೆ.

ನಾಲ್ಕನೇ ಇಂಟರ್ವ್ಯೂ ನಂಗೆ ಮರೀಲಿಕ್ಕೆ ಆಗುದಿಲ್ಲ. ಎಂಕಾಂ ಹುಡುಗಿ, ಮನೆಯಲ್ಲಿ ಡಿಗ್ರಿ ಮುಟ್ಟಿದವಳು ಅವಳೊಬ್ಬಳೇ. ಅವಳ ಅಸೈನ್‌ಮೆಂಟಿನ ಮೇಲೆ ಸಂಶಯ ಬಂದಿತ್ತು. ಬ್ಯಾಗಿಂದ ಒಂದು ಇನ್ನೂರು ಪೇಜಿನ ನೋಟ್‌ಬುಕ್ ತೆಗೆದಳು. ಮೊದಲು ಕನ್ನಡದಲ್ಲಿ ಪೂರಾ ಬರೆದಿದ್ದಾಳೆ, ಪೆನ್ನಲ್ಲಿ, ಹೊಡೆದು ಹಾಕಿ, ಮೇಲೆ ಬಾಣ ಹಾಕಿ ಸೇರಿಸಿ. ಆಮೇಲೆ ಮೊಬೈಲಲ್ಲಿ ಟ್ರಾನ್ಸ್‌ಲೇಟ್ ಮಾಡಿ, ಬಂದ ಇಂಗ್ಲಿಷನ್ನು ಮತ್ತೆ ಎದುರಿನ ಪೇಜಲ್ಲಿ ಕೈಯಲ್ಲಿ ಬರೆದು ತಿದ್ದಿದ್ದಾಳೆ. "ಇದು ಎಐ ಆಗ್ತದಾ ಅಕ್ಕ?" ಅಂತ ಕೇಳಿದಳು. ಅವಳ ಸರ್ ಅವಳನ್ನು ಕರೆದು ಕೂರಿಸಿ ಕನ್ನಡದಲ್ಲೇ ಮೂರು ಪ್ರಶ್ನೆ ಕೇಳಿದ್ರಂತೆ, ಮೂರಕ್ಕೂ ಸರಿಯಾಗಿ ಹೇಳಿದಳಂತೆ, ಸರ್ ಮಾರ್ಕ್ಸ್ ಕೊಟ್ರು. ಅವರಿಗೆ ಹಾಗೆ ಮಾಡಿ ಅಂತ ಯಾವ ಪಾಲಿಸಿಯೂ ಹೇಳಿರ್ಲಿಲ್ಲ.

ನಾನು ಓದಿದ ಅಷ್ಟೂ ದಾಖಲೆಯಲ್ಲಿ ಆ ನೋಟ್‌ಬುಕ್ಕಿಗೆ ಜಾಗ ಹುಡುಕಿದೆ. ಟ್ರಾನ್ಸ್‌ಲೇಶನ್ ಆ್ಯಪನ್ನು ಕೆಲವರು ಎಐ ಜೊತೆಗೇ ಸೇರಿಸಿದ್ದಾರೆ, ಕೆಲವರು ಸ್ಪೆಲ್‌ಚೆಕ್ ಸಾಲಿನಲ್ಲಿ ಬಿಟ್ಟಿದ್ದಾರೆ, ಹೆಚ್ಚಿನವರಿಗೆ ಆ ಪ್ರಶ್ನೆಯೇ ಬಂದಿಲ್ಲ. ವಿಚಾರ ತನ್ನದು, ಕನ್ನಡ ತನ್ನದು, ಇಂಗ್ಲಿಷ್ ಅರ್ಧ ತನ್ನದು ಅನ್ನುವ ವಿದ್ಯಾರ್ಥಿ ಇರ್ತಾಳೆ ಅಂತ ನೆನೆದು ಬರೆದದ್ದು ಒಂದೂ ಸಿಗ್ಲಿಲ್ಲ. ಈಗ ಐದನೇ ಅಧ್ಯಾಯ ಪೂರಾ ಅದರ ಮೇಲೆ. ನಾನೂ ಥೀಸಿಸ್ಸಿನ ಮೊದಲಿಗೆ ಒಂದು ಪುಟ ಹಾಕಿದ್ದೇನೆ, ಯಾವ ದಾಖಲೆಯನ್ನು ಮೆಷಿನ್ ಟ್ರಾನ್ಸ್‌ಲೇಶನಲ್ಲಿ ಓದಿದೆ, ಯಾವ ಸಾಲನ್ನು ಮನುಷ್ಯರ ಹತ್ರ ಚೆಕ್ ಮಾಡಿಸಿದೆ ಅಂತ ಪೂರಾ ಬರೆದು, ಇಂಗ್ಲಿಷಲ್ಲಿ ಒಂದು, ಕನ್ನಡದಲ್ಲಿ ಒಂದು. ಕನ್ನಡದ್ದನ್ನು ಅಮ್ಮನಿಗೆ ಓದಿ ಹೇಳಿದೆ, ಎಲೆ ಕತ್ತರಿಸ್ತಾ ಕೇಳಿದ್ರು, ಒಂದು ಕಡೆ ನಿಲ್ಲಿಸಿ "ಇದು ಅರ್ಥ ಆಗ್ಲಿಲ್ಲ" ಅಂದ್ರು, ಅದನ್ನು ತಿದ್ದಿದೆ.

ಇನ್ನು ಆರು ಇಂಟರ್ವ್ಯೂ ಬಾಕಿ. ನಾಳೆಯದ್ದು ಬೆಳಿಗ್ಗೆ ಹತ್ತಕ್ಕೆ, ಹುಡುಗ ಸಂಜೆ ಫೋನ್ ಮಾಡಿದ್ದ, "ಅಕ್ಕ, ನಾನು ಬರೆದ ಹಳೆ ನೋಟ್‌ಬುಕ್ ಎಲ್ಲ ತರ್ಬೇಕಾ?" ಅಂತ. ಎಷ್ಟುಂಟೋ ಅಷ್ಟೂ ತಾ ಅಂದೆ.